ಕಿರುಚಾಟ ನಿಲ್ಲಿಸಿದ ಕಾರು

"ಅಮ್ಮಾ, ಬ್ರೇಕು! ಬ್ರೇಕು!"

"ಹಾಕಿದೀನಲ್ಲೇ! ಇನ್ನೇನು, ಇಳಿದು ಎದುರಿಗೆ ನಿಂತ್ಕೊಳ್ಲಾ?"

ಕಾರು ಇಳಿಜಾರಿನಲ್ಲಿ ಮುಂದಕ್ಕೆ ಜಾರುತ್ತಲೇ ಇತ್ತು. ಇಳಿಜಾರಿನ ಕೊನೆಗೆ ಸಿಗ್ನಲ್, ಅದರಾಚೆ ದೊಡ್ಡ ರಸ್ತೆ, ರಸ್ತೆ ತುಂಬ ಬಸ್ಸು, ಲಾರಿ. ಹಿಂದಿನ ಸೀಟಿನಲ್ಲಿ ಯೂನಿಫಾರಂ ಗಂಟುಗಳ ನಡುವೆ ಕುಳಿತಿದ್ದ ಹುಡುಗಿ ಕಣ್ಣು ಮುಚ್ಚಿ ಮುಂದಿನ ಸೀಟನ್ನು ಅವಚಿಕೊಂಡಳು. ಕೆಳಗೆಲ್ಲೋ 'ಕರ್‌ರ್‌ರ್' ಎಂದಿತು. ಅವಳ ಶೂ ಅಡಿಯಲ್ಲಿ ಕಾರಿನ ನೆಲ ಗಡಗಡ ನಡುಗಿತು.

ಕಾರು ನಿಂತಿತು. ಆದರೆ ಬಿಳಿ ಗೆರೆ ದಾಟಿ ಮೂತಿ ಮುಂದೆ ಚಾಚಿಕೊಂಡು ನಿಂತಿತ್ತು. ಎದುರಿಗೆ ಹೋದ ಬಸ್ಸಿನ ಡ್ರೈವರ್ ಏನೋ ಬೈದುಕೊಂಡೇ ಹೋದ.

"ನಿಂತಿತಲ್ಲ, ಪುಕ್ಕಲಿ!" ಅಮ್ಮ ನಕ್ಕಳು. ರೇಡಿಯೋ ಇನ್ನಷ್ಟು ಜೋರು ಮಾಡಿದಳು.

ಪುಕ್ಕಲಿ ಅನ್ನುವುದು ಸುಮ್ಮಸುಮ್ಮನೆ ಇಟ್ಟ ಹೆಸರಲ್ಲ. ಹಲ್ಲಿ ಕಂಡರೆ ಭಯ, ಲಿಫ್ಟ್ ಕಂಡರೆ ಭಯ, ಬಲೂನು ಒಡೆಯುತ್ತೇನೋ ಅಂತ ಬರ್ತ್‌ಡೇ ಪಾರ್ಟಿಗೆ ಹೋಗಲೂ ಭಯ. ಅಂಥವಳು ಕಾರಿಗೆ ಹೆದರಿದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಹಾಗೆ ನೋಡಿದರೆ ಆ ಕಾರಿನ ಸದ್ದು ಮನೆಯವರಿಗೆಲ್ಲ ಅಚ್ಚುಮೆಚ್ಚು. ಎಷ್ಟೋ ದಿನಗಳಿಂದ ಅದು ಬ್ರೇಕ್ ಹಾಕಿದಾಗಲೆಲ್ಲ 'ಕೀಂಯ್ಯ್' ಎಂದು ಕಿರುಚುತ್ತಿತ್ತು. ಸಂಜೆ ಗಲ್ಲಿಯ ತಿರುವಿನಲ್ಲಿ 'ಕೀಂಯ್ಯ್' ಕೇಳಿತೋ, ಅಜ್ಜಿ ಟೀಗೆ ನೀರಿಡುತ್ತಿದ್ದಳು, ತಮ್ಮ ಗುಂಡ ಎದ್ದೆನೋ ಬಿದ್ದೆನೋ ಅಂತ ಗೇಟು ತೆಗೆಯಲು ಓಡುತ್ತಿದ್ದ. "ನಮ್ಮ ಮನೆಗೆ ಕಾಲಿಂಗ್ ಬೆಲ್ ಯಾಕೆ? ಕಾರೇ ಕೂಗುತ್ತೆ" ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಹೋದ ವಾರ ಆ ಕಿರುಚಾಟ ನಿಂತುಹೋಯಿತು.

"ನೋಡಿದ್ರಾ, ತಾನಾಗೇ ಸರಿಹೋಯ್ತು" ಎಂದಳು ಅಮ್ಮ. ಅವಳಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಶಾಲೆಗಳು ಶುರುವಾಗಿದ್ದವು. ಹೊಲಿಗೆ ಅಂಗಡಿಯಲ್ಲಿ ಅಂಗಿ, ಲಂಗ, ಚಡ್ಡಿಗಳ ರಾಶಿ ಬಿದ್ದಿತ್ತು. "ಈ ಆರ್ಡರ್ ಒಂದು ಮುಗೀಲಿ, ಗ್ಯಾರೇಜಿಗೆ ಬಿಟ್ಟರಾಯ್ತು" ಎನ್ನುತ್ತಿದ್ದಳು. ಆದರೆ ಒಂದು ಆರ್ಡರ್ ಮುಗಿಯುವ ಮೊದಲೇ ಇನ್ನೊಂದು ಬಂದು ಕೂರುತ್ತಿತ್ತು.

ಸರಿಹೋಗಿಲ್ಲ ಅಂತ ಪುಕ್ಕಲಿಗೆ ಗೊತ್ತಿತ್ತು. ಮೊದಲೆಲ್ಲ ಅಮ್ಮನ ಕಾಲು ಸ್ವಲ್ಪ ಒತ್ತಿದರೆ ಸಾಕು, ಕಾರು ನಿಲ್ಲುತ್ತಿತ್ತು. ಈಗ ಅಮ್ಮ ಸೀಟಿಗೆ ಬೆನ್ನು ಕೊಟ್ಟು ಬಲವಾಗಿ ತುಳಿಯುತ್ತಿದ್ದಳು. ಆಗ ಬರುವ ಆ 'ಕರ್‌ರ್' ಸದ್ದು ಕೇಳಿದರೆ ಪುಕ್ಕಲಿಯ ಹಲ್ಲು ಜುಮ್ಮೆನ್ನುತ್ತಿತ್ತು.

ಅವತ್ತು ಸಂಜೆ ಪುಕ್ಕಲಿಯನ್ನು ಮನೆಗೆ ಬಿಟ್ಟು ಅಮ್ಮ ಮತ್ತೆ ಗಂಟು ತುಂಬಿಕೊಂಡು ಇಳಿಜಾರಿನ ಕೆಳಗೆ ಹೋದಳು. ಪುಕ್ಕಲಿ ಕಿಟಕಿಯ ಬಳಿ ಹೋಂವರ್ಕ್ ಹಿಡಿದು ಕೂತಳು. ಒಂದು ಲೆಕ್ಕವೂ ತಲೆಗೆ ಹತ್ತಲಿಲ್ಲ. ಕತ್ತಲಾಗುತ್ತಾ ಬಂತು. ದೂರದಲ್ಲಿ ಯಾವುದೋ ಲಾರಿ ಜೋರಾಗಿ ಹಾರ್ನ್ ಹೊಡೆಯಿತು. ಅವಳ ಎದೆ ಧಸಕ್ಕೆಂದಿತು.

"ಅಜ್ಜಿ, ಅಮ್ಮ ಇನ್ನೂ ಬಂದಿಲ್ಲ."

"ಬರ್ತಾಳೆ ಕಣೆ. ಕೀಂಯ್ ಅಂದಿಲ್ಲವಲ್ಲ ಇನ್ನೂ."

"ಅದು ಇನ್ನು ಕೀಂಯ್ ಅನ್ನಲ್ಲ ಅಜ್ಜಿ!" ಎಂದಳು ಪುಕ್ಕಲಿ. ಅಮ್ಮ ಬಂದರೂ ಗೊತ್ತಾಗುವುದಿಲ್ಲ, ಬರದಿದ್ದರೂ ಗೊತ್ತಾಗುವುದಿಲ್ಲ. ಅವಳು ಪುಸ್ತಕ ಮುಚ್ಚಿಟ್ಟು ಗೇಟನ್ನೇ ನೋಡುತ್ತಾ ಕೂತಳು.

ಕೊನೆಗೆ ಗೇಟಿನ ಹತ್ತಿರ 'ಕರ್‌ರ್' ಎಂದಿತು. ಪುಕ್ಕಲಿ ಓಡಿಹೋಗಿ ಅಮ್ಮನ ಸೊಂಟ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಏನಾಯ್ತೇ? ಮತ್ತೆ ಹಲ್ಲಿನಾ?" ಎಂದಳು ಅಮ್ಮ.

ಮರುದಿನ ಬೆಳಿಗ್ಗೆ ಅಜ್ಜಿಯ ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗಬೇಕಿತ್ತು. ದಾರಿಯಲ್ಲೇ ಮಕ್ಕಳಿಬ್ಬರನ್ನೂ ಶಾಲೆಗೆ ಬಿಡುವುದು. ಅಜ್ಜಿ ಮುಂದೆ ಕೂತಾಗಿತ್ತು. ಗುಂಡ ಹಿಂದೆ ಕೂತು ಕಾಲು ಆಡಿಸುತ್ತಿದ್ದ. ಪುಕ್ಕಲಿ ಮಾತ್ರ ಬಾಗಿಲು ಹಿಡಿದು ನಿಂತೇ ಇದ್ದಳು.

"ಹತ್ತೇ, ಟೈಮಾಯ್ತು."

"ನಾನು ಬರಲ್ಲ." ಅವಳು ಒಳಗೆ ಬಗ್ಗಿದಳು. "ಗುಂಡನೂ ಬರಲ್ಲ." ತಮ್ಮನ ಕೈ ಹಿಡಿದು ದರದರ ಕೆಳಗೆಳೆದಳು. ಅವನು "ಬಿಡೇ, ಬಿಡೇ" ಎಂದು ಅರಚಿಕೊಂಡ.

ಅಮ್ಮನಿಗೆ ರೇಗಿಹೋಯಿತು. "ದಿನಾ ಇದೇ ಗೋಳಾಯ್ತು ನಿಂದು! ನಿನ್ನ ಭಯಕ್ಕೆ ನಾನು ಕಾರನ್ನ ಶೋಕೇಸಲ್ಲಿ ಇಡಬೇಕಾ?"

ಅಷ್ಟರಲ್ಲಿ ಮುಂದಿನ ಬಾಗಿಲು ತೆರೆಯಿತು. ಅಜ್ಜಿ ಸೊಂಟ ಹಿಡಿದುಕೊಂಡು ಮೆಲ್ಲಗೆ ಇಳಿದಳು.

"ನೀನೂ ಶುರು ಮಾಡಿದ್ಯಾ?" ಅಮ್ಮ ಅಜ್ಜಿಯ ಕಡೆ ತಿರುಗಿದಳು.

"ಅವಳು ಹೆದರೋದು ನೋಡಿದೀನಿ, ಸುಳ್ಳು ಹೇಳೋದು ನೋಡಿಲ್ಲ" ಎಂದಳು ಅಜ್ಜಿ. "ಏನು ಅಂತ ಒಂದು ಸಲ ಕೇಳಬಾರದಾ?"

ಪುಕ್ಕಲಿ ಉಗುಳು ನುಂಗಿಕೊಂಡಳು. "ಅಮ್ಮ, ರೇಡಿಯೋ ಆಫ್ ಮಾಡು. ಗ್ಲಾಸ್ ಇಳಿಸು. ಆ ಗೋಡೆ ಪಕ್ಕ ಮೆಲ್ಲಗೆ ಹೋಗಿ ಬ್ರೇಕ್ ಹಾಕು. ದೊಡ್ಡ ರಸ್ತೆಯಲ್ಲಿ ಸರಿಯಾಗಿ ಕೇಳಲ್ಲ. ಗೋಡೆ ಪಕ್ಕ ಚೆನ್ನಾಗಿ ಕೇಳುತ್ತೆ."

ಮನೆಯೆದುರಿನ ಗಲ್ಲಿ ಸಮತಟ್ಟಾಗಿತ್ತು, ಒಂದು ಬದಿಗೆ ಉದ್ದಕ್ಕೂ ಕಾಂಪೌಂಡ್ ಗೋಡೆ. ಅಮ್ಮ ಗೊಣಗುತ್ತಲೇ ಗ್ಲಾಸ್ ಇಳಿಸಿದಳು. ಕಾರು ಗೋಡೆಗೆ ಅಂಟಿಕೊಂಡಂತೆ ತೆವಳಿತು. ಅಮ್ಮ ಬ್ರೇಕ್ ಒತ್ತಿದಳು.

'ಕರ್‌ರ್‌ರ್ರ್ರ್!'

ಗೋಡೆಗೆ ಬಡಿದು ಸದ್ದು ಎರಡರಷ್ಟಾಗಿ ವಾಪಸ್ ಬಂತು. ಗುಂಡ ಕಿವಿ ಮುಚ್ಚಿಕೊಂಡ. ಅಮ್ಮ ಇನ್ನೊಂದು ಸಲ ಮುಂದೆ ಹೋಗಿ ಬ್ರೇಕ್ ಒತ್ತಿದಳು. ಮತ್ತೆ ಅದೇ ಸದ್ದು. ಅವಳು ಹ್ಯಾಂಡ್‌ಬ್ರೇಕ್ ಎಳೆದು, ಕಾರು ಆಫ್ ಮಾಡಿ, ಅಲ್ಲೇ ಕೂತುಬಿಟ್ಟಳು. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ.

ಅಮ್ಮ ಫೋನ್ ಮಾಡಿದಾಗ ಗ್ಯಾರೇಜಿನ ಮೆಕ್ಯಾನಿಕ್ ಮಾಮ "ಒಂದಿಂಚೂ ಓಡಿಸಬೇಡಿ" ಎಂದು ಗದರಿ, ಸ್ಕೂಟರಿನಲ್ಲಿ ಬಂದ. ಜಾಕ್ ಕೊಟ್ಟು ಮುಂದಿನ ಚಕ್ರ ಬಿಚ್ಚಿದ. ಒಳಗಿಂದ ಬ್ರೇಕ್ ಪ್ಯಾಡ್ ತೆಗೆದು ಅಮ್ಮನ ಅಂಗೈಗೆ ಹಾಕಿದ. ಜೊತೆಗೆ ಒಂದು ಹೊಸದನ್ನೂ ಇಟ್ಟ. ಹೊಸದರ ಮೈಮೇಲೆ ಕಿರುಬೆರಳಿನಷ್ಟು ದಪ್ಪ ಕಪ್ಪು ಪದರ. ಹಳೆಯದರಲ್ಲಿ ಪದರವೇ ಇಲ್ಲ, ಬರೀ ಕಬ್ಬಿಣ.

"ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಪ್ಯಾಡು ಒತ್ತಿ ಹಿಡಿಯೋ ಡಿಸ್ಕೇ ಗೀರಿಹೋಗಿದೆ, ನೋಡಿ. ಮೊದಲು ಕಿರುಚ್ತಾ ಇರಲಿಲ್ವಾ ಇದು?"

"ಕಿರುಚ್ತಿತ್ತಪ್ಪ" ಎಂದಳು ಅಜ್ಜಿ, ಸಣ್ಣ ದನಿಯಲ್ಲಿ. "ನಾವು ಟೀಗೆ ನೀರಿಡ್ತಿದ್ವಿ."

ಮೆಕ್ಯಾನಿಕ್ ಮಾಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಪ್ಯಾಡ್ ಸವೆದಾಗ ಕಿರುಚಲಿ ಅಂತಲೇ ಒಂದು ತಗಡಿನ ಚೂರು ಇಟ್ಟಿರ್ತಾರೆ ಅಜ್ಜಿ. ಆಗಲೇ ಬರಬೇಕಿತ್ತು. ಪಾಪ, ಕೂಗಿ ಕೂಗಿ ಅದೂ ಮುರಿದು ಬಿದ್ದಿದೆ."

ಅಮ್ಮ ಚಕ್ರದ ಬಳಿ ಕುಕ್ಕರಿಸಿದಳು. ಬಟ್ಟೆ ಎಲ್ಲಿ ಜೀರ್ಣವಾಗಿದೆ ಎಂದು ನೋಡುವಾಗ ಮಾಡುವ ಹಾಗೆ ಡಿಸ್ಕಿನ ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಇಳಿಜಾರಿನ ಕಡೆ ನೋಡಿದಳು, ಗುಂಡನ ಕಡೆ ನೋಡಿದಳು. ಅವಳ ಕೈಯಿಂದ ಹಳೆಯ ಪ್ಯಾಡ್ ಜಾರಿ ಕೆಳಗೆ ಬಿತ್ತು. ಅಮ್ಮನಿಗೂ ಭಯವಾಗುತ್ತದೆ ಎಂದು ಪುಕ್ಕಲಿಗೆ ಗೊತ್ತೇ ಇರಲಿಲ್ಲ. ಹತ್ತಿರ ಹೋಗಿ ಆ ಕೈ ಹಿಡಿದುಕೊಂಡಳು.

ಈಗ ಹೊಸ ಬ್ರೇಕ್ ಹಾಕಿಸಿಕೊಂಡ ಕಾರು ಕದ್ದುಮುಚ್ಚಿ ಬಂದ ಹಾಗೆ ಬರುತ್ತದೆ. ಅಜ್ಜಿಯ ಟೀ ದಿನಾ ತಡ. ಗುಂಡ ಗೇಟಿಗೆ ಒಂದು ಗಂಟೆ ಕಟ್ಟಿದ್ದಾನೆ, ಅಮ್ಮ ಇಳಿದು ಅದನ್ನು ಬಾರಿಸಬೇಕು.

ಒಂದು ಸಂಜೆ ಅಮ್ಮ ಹೊಲಿಯುತ್ತಿದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿದಳು. ಮಿಷನ್ನಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿದಳು.

"ಬಾರೇ ಇಲ್ಲಿ. ಈ ಮಿಷನ್ ಸದ್ದು ಯಾಕೋ ಬೇರೆ ಥರ ಇದೆ ಅನ್ಸುತ್ತೆ. ಸ್ವಲ್ಪ ಕೇಳಿ ಹೇಳು."

ಅಮ್ಮ ಪುಕ್ಕಲಿ ಎಂದು ಕರೆಯಲಿಲ್ಲ. ಹುಡುಗಿ ಮಂಡಿಯೂರಿ ಮಿಷನ್ನಿಗೆ ಕಿವಿಯಿಟ್ಟಳು. ಎದುರು ಗೋಡೆಯಲ್ಲಿ ಹಲ್ಲಿಯೊಂದು ಅವಳನ್ನೇ ನೋಡುತ್ತಿತ್ತು. ಅಯ್ಯೋ ಅನ್ನಿಸಿತು, ಎದೆ ಡವಡವ ಹೊಡೆದುಕೊಂಡಿತು. ಆದರೂ ಅವಳು ಕಿವಿ ತೆಗೆಯಲಿಲ್ಲ.

"ಈಗ ತುಳಿ, ಅಮ್ಮ" ಎಂದಳು. "ಮೆಲ್ಲಗೆ."