ಚುಕ್ಕೆ ಬಿದ್ದ ಸೊಪ್ಪು

“ಇದು ಗೊಡ್ಡು ಕುರಿ. ನಾಡಿದ್ದು ಕೂಡ್ಲಿಗಿ ಸಂತಿಗೆ ಹೊಡ್ಕೊಂಡು ಹೋಗ್ತೀನಿ,” ಅಂದುಬಿಟ್ಟ ಅಪ್ಪ ಚೌಡಣ್ಣ.

ಆ ಕುರಿ, ಕರಿಕಿವಿ, ಮಗಳು ರೋಜಾಳದು. ಹುಟ್ಟಿದ ದಿನವೇ ತಾಯಿ ಸತ್ತಿದ್ದರಿಂದ ಅವಳೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಸಂತೆಗೆ ಹೋದ ಗೊಡ್ಡು ಕುರಿ ಕಟುಕರ ಪಾಲಾಗುತ್ತದೆಂದು ಐದನೇ ಕ್ಲಾಸಿನ ಹುಡುಗಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅಳು ಬರುವ ಮೊದಲೇ ಅವಳ ತಲೆಯಲ್ಲೊಂದು ಪ್ರಶ್ನೆ ಎದ್ದಿತು. ಗುಡ್ಡದಲ್ಲಿ ಒಣಹುಲ್ಲು ಮೇಯುವ ಕುರಿಗಳೆಲ್ಲ ಗಬ್ಬವಾಗಿವೆ. ಕರಿಕಿವಿಯೋ ಮನೆಯಲ್ಲೇ ಕೂತು ಹಸಿರು ಮೆಲ್ಲುವ ಮಹಾರಾಣಿ; ರಾತ್ರಿ ಹಟ್ಟಿಯಲ್ಲಿ ಟಗರಿನ ಜೊತೆಯೇ ಇರುತ್ತದೆ. ಅದಕ್ಕೇ ಯಾಕೆ ಹೀಗೆ? ದೃಷ್ಟಿ ತಾಗಿದೆ ಎಂದು ಅಜ್ಜಿ ಮರುಳಸಿದ್ದಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಕುರಿ ಸೀನಿತು, ಅಷ್ಟೇ.

ಮರುದಿನ ಲಸಿಕೆ ಹಾಕಲು ಪಶುವೈದ್ಯೆ ಯಶೋಧರಾ ಮೇಡಂ ಬಂದರು. ರೋಜಾ ಅವರ ಬೆನ್ನು ಬಿಡದೆ ಸುತ್ತಿ, ಕೊನೆಗೆ ಕರಿಕಿವಿ ಯಾಕೆ ಗಬ್ಬವಾಗಿಲ್ಲ ಎಂದು ಕೇಳಿಯೇ ಬಿಟ್ಟಳು. ಏನು ತಿನ್ನಿಸುತ್ತೀ ಎಂದರು ಮೇಡಂ. ಕುದುರೆ ಮಸಾಲೆ ಸೊಪ್ಪು, ದಿನಾ ಬುಟ್ಟಿ ತುಂಬ ಎಂದು ಅವಳು ಹೆಮ್ಮೆಯಿಂದ ಹೇಳಿದಳು. ಅದನ್ನು ಮೇವಿಗೆಂದು ಬೆಳೆಯುತ್ತಿದ್ದ ಪಕ್ಕದ ಹೊಲದ ಓಬಳೇಶ, ಚುಕ್ಕೆ ಬಿದ್ದ ಸೊಪ್ಪನ್ನು ತನ್ನ ಎಮ್ಮೆಗೆ ಹಾಕದೆ ಬಿಸಾಡುತ್ತಿದ್ದ. ಅದನ್ನೆಲ್ಲ ಅವಳು ಬಾಚಿ ತರುತ್ತಿದ್ದಳು.

ಮೇಡಂ ಬುಟ್ಟಿಯಿಂದ ಒಂದು ಎಲೆ ಎತ್ತಿಕೊಂಡರು. “ಮೈಯಾಗ ಹಾರ್ಮೋನ್ ಅಂತ ಇರ್ತಾವು. ಯಾವಾಗ ಗಬ್ಬ ಆಗ್ಬೇಕು ಅಂತ ಅವು ಸುದ್ದಿ ಮುಟ್ಟಸ್ತಾವು. ಈ ಸೊಪ್ಪಿನಾಗೂ ಅಂಥದ್ದೇ ಒಂದು ಐತಿ. ಚುಕ್ಕಿ ರೋಗ ಬಂದ್ರ ಇನ್ನೂ ಜಾಸ್ತಿ. ತನ್ನದು ಯಾವ್ದು, ಸೊಪ್ಪಿಂದು ಯಾವ್ದು ಅಂತ ಕುರಿ ಮೈಗೆ ತಿಳಿಯಂಗಿಲ್ಲ. ಸುದ್ದಿ ತಪ್ಪಿ ಗಬ್ಬ ನಿಲ್ಲಂಗಿಲ್ಲ.”

“ಡೂಪ್ಲಿಕೇಟ್ ಏನ್ರಿ?”

“ಹೂಂ, ಡೂಪ್ಲಿಕೇಟ್. ಚೂರು ತಿಂದ್ರ ಏನಾಗಂಗಿಲ್ಲ. ನೀನು ಬರೇ ಅದನ್ನ ಹಾಕಿದಿ. ಕಾರಣ ಇದಽ ಇರಬಹುದು. ಬಿಡಿಸಿ ಒಂದೆರಡು ತಿಂಗಳು ನೋಡು.”

ರೋಜಾಳ ಮುಖ ಸಪ್ಪಗಾಯಿತು. ಅಪ್ಪ ಊರಲ್ಲಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ತಪ್ಪು ತನ್ನದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸಂಜೆ ಅವನು ಬಂದು ಚಪ್ಪಲಿ ಬಿಡುವಷ್ಟರಲ್ಲೇ ಎದುರು ನಿಂತಳು.

“ಅಪ್ಪಾ, ಕರಿಕಿವಿ ಗೊಡ್ಡಲ್ಲ. ನಾನಽ ಕೆಡಿಸೀನಿ.”

ಚೌಡಣ್ಣ ಎಲ್ಲವನ್ನೂ ಕೇಳಿಸಿಕೊಂಡ. ಬೈಯಲಿಲ್ಲ. ದೀಪಾವಳಿ ತನಕ ನೋಡೋಣ, ಆದರೆ ಕುರಿ ನಾಳೆಯಿಂದ ಗುಡ್ಡಕ್ಕೆ ಬರಬೇಕು ಎಂದ.

ಬೆಳಿಗ್ಗೆ ಹಿಂಡು ಹೊರಟಿತು. ಕರಿಕಿವಿ ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತು ಕೂಗಿತು. ಮತ್ತೆ ಕೂಗಿತು. ತಾನು ಕಣ್ಣಿಗೆ ಬಿದ್ದರೆ ಅದು ಹೋಗುವುದಿಲ್ಲ ಎಂದು ರೋಜಾಳಿಗೆ ಗೊತ್ತಿತ್ತು. ಅವಳು ಬಾಗಿಲ ಹಿಂದೆ ಅಡಗಿ, ಕೂಗು ಗುಡ್ಡದ ಕಡೆ ದೂರವಾಗುವವರೆಗೂ ಅಲ್ಲೇ ನಿಂತಳು.