ಸ್ಟೀರಿಂಗಿನೊಳಗಿನ ಗಾಳಿ

ಗರಗದ ರಸ್ತೆಯ ತಿರುವಿನಲ್ಲಿ ಬಿಳಿ ಕಾರೊಂದು ಹುಣಸೆಮರಕ್ಕೆ ಪಕ್ಕೆ ಬಡಿದು ನಿಂತಿತ್ತು. ಹತ್ತಿ ವ್ಯಾಪಾರಿ ಫಕೀರಪ್ಪನವರು ಹಿಂದಿನ ಸೀಟಿನಲ್ಲಿ ಎಚ್ಚರ ತಪ್ಪಿದ್ದರು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಡ್ರೈವರ್ ಮಕ್ತುಮಸಾಬ ಹೇಳಿದ್ದು ಒಂದೇ ಮಾತು: ಸ್ಟೀರಿಂಗ್ ನರಳಿತು, ಆಮೇಲೆ ಕಲ್ಲಿನಂತೆ ಬಿಗಿಯಾಯಿತು.

ಯಾರೂ ನಂಬಲಿಲ್ಲ. ಮುದುಕ ತೂಕಡಿಸಿದ್ದಾನೆ ಎಂದು ಫಕೀರಪ್ಪನವರ ತಮ್ಮ ಶಂಭುಲಿಂಗ ದೂರು ಕೊಟ್ಟ. ಯಜಮಾನರು ಆಸ್ಪತ್ರೆಗೆ, ಡ್ರೈವರ್ ಠಾಣೆಗೆ. ಠಾಣೆಯಲ್ಲಿ ಜಾಗವಿಲ್ಲವೆಂದು ಕಾರನ್ನು ದೇಶಪಾಂಡೆ ನಗರದ ಫಕೀರಪ್ಪನವರ ಮನೆಯ ಶೆಡ್ಡಿಗೇ ಎಳೆದು ತಂದರು.

* * *

ಮರುದಿನ ಸಬ್ ಇನ್‌ಸ್ಪೆಕ್ಟರ್ ವಿದ್ಯಾ ಶೆಡ್ಡಿಗೆ ಬಂದಳು. ಧಾರವಾಡದಲ್ಲಿ ಅವಳ ಅಪ್ಪನದು ಗ್ಯಾರೇಜು. ಅವಳು ಬೆಳೆದದ್ದೇ ಅಲ್ಲಿ. ಮೊದಲು ಅವಳಿಗೆ ಅನುಮಾನ ಬಂದದ್ದು ಹಿಂದಿನ ವಾರ ಕಾರು ರಿಪೇರಿ ಮಾಡಿದ್ದ ಮೆಕ್ಯಾನಿಕ್ ಗೌಸಮೊದ್ದೀನನ ಮೇಲೆ. ಆದರೆ ಅವನು ಮುಟ್ಟಿದ್ದು ಬ್ರೇಕ್ ಮಾತ್ರ. ಆಮೇಲೂ ಕಾರು ಬೆಳಗಾವಿಗೆ ಹೋಗಿ ಸುಖವಾಗಿ ಬಂದಿತ್ತು. ಅವನನ್ನೂ ಜೊತೆಗೆ ಕರೆತಂದಿದ್ದಳು.

ಶೆಡ್ಡಿನ ಬೀಗ ತೆಗೆದ ಶಂಭುಲಿಂಗ, "ಸ್ಟೀರಿಂಗ್ ಎಣ್ಣಿ ತುಂಬೇತ್ರಿ ಮೇಡಂ. ಗಾಡ್ಯಾಗ ಏನೂ ದೋಷ ಇಲ್ಲ," ಎಂದ.

ವಿದ್ಯಾ ಬಾನೆಟ್ ಎತ್ತಿದಳು. ಸ್ಟೀರಿಂಗನ್ನು ಹಗುರಾಗಿಸುವ ಎಣ್ಣೆಯ ಡಬ್ಬಿ ನಿಜಕ್ಕೂ ತುಂಬಿತ್ತು. ಪೈಪುಗಳಿಗೆ ಪೆಟ್ಟು ಬಿದ್ದಿರಲಿಲ್ಲ. ಎಂಜಿನ್ ಚಾಲೂ ಮಾಡಿ ಸ್ಟೀರಿಂಗ್ ತಿರುಗಿಸಿದಳು. ಗೊರಗೊರ ಸದ್ದು ಬಂತು. ಡಬ್ಬಿಯ ಎಣ್ಣೆ ನೊರೆಯಾಗಿ ಉಕ್ಕಿತು.

ಅವಳು ಎಂಜಿನ್ ಆರಿಸಿ, ಮುಂದಿನ ಗಾಲಿಗಳನ್ನು ಜಾಕಿನಿಂದ ಎತ್ತಿಸಿದಳು. ತಾನೇ ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ನಿಧಾನವಾಗಿ ತಿರುಗಿಸುತ್ತ ಹೋದಳು. ಒಳಗೆ ಸೇರಿದ್ದ ಗಾಳಿ ಗುಳ್ಳೆಗಳಾಗಿ ಮೇಲೆದ್ದು ಒಡೆಯಿತು, ಎಣ್ಣೆ ಕೆಳಗಿಳಿಯಿತು. ಗೌಸಮೊದ್ದೀನ ಇಳಿದಷ್ಟೂ ತುಂಬಿಸಿದ. ಗುಳ್ಳೆ ನಿಂತ ಮೇಲೆ ಮತ್ತೆ ಎಂಜಿನ್ ಚಾಲೂ ಮಾಡಿದರು. ಸದ್ದಿಲ್ಲ. ಸ್ಟೀರಿಂಗ್ ಬೆರಳಿಗೇ ತಿರುಗಿತು. ಎಲ್ಲಿಯೂ ಒಂದು ಹನಿ ಸೋರಲಿಲ್ಲ.

* * *

ಫಕೀರಪ್ಪನವರ ಹೆಂಡತಿ ಗೌರಕ್ಕ ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದಿದ್ದರು. ಅವರ ಎದುರಿಗೇ ವಿದ್ಯಾ ಶಂಭುಲಿಂಗನನ್ನು ಕೂರಿಸಿದಳು.

"ಎಣ್ಣಿ ಖಾಲಿ ಆಗಲಾರದ, ಒಳಗ ಇಷ್ಟು ಗಾಳಿ ಹೋಗಾಂಗಿಲ್ರಿ. ಯಾರೋ ಪೈಪ್ ಸಡಿಲ ಮಾಡಿ ಎಣ್ಣಿ ಸೋರಾಕ ಬಿಟ್ಟಾರ. ಗಾಡಿ ಇಲ್ಲಿಗೆ ಬಂದ ಮ್ಯಾಲೆ ಪೈಪ್ ಬಿಗದು ಹೊಸಾ ಎಣ್ಣಿ ಹಾಕ್ಯಾರ. ಗಾಳಿ ತಗೀಬೇಕಂತ ಅವರಿಗೆ ಗೊತ್ತಿರಲಿಲ್ಲ."

"ಮಕ್ತುಮನ ಕೆಲಸ ಇರಬೇಕ್ರಿ."

"ಅವರು ನಿನ್ನೆಯಿಂದ ಠಾಣ್ಯಾಗ ಅದಾರ. ಅಕ್ಕಾರು ಆಸ್ಪತ್ರ್ಯಾಗ ಇದ್ರು. ಶೆಡ್ಡಿನ ಕೀಲಿ ನಿಮ್ಮ ಕೈಯಾಗ. ನಾ ಬಾನೆಟ್ ಎತ್ತೂಕಿಂತ ಮೊದಲ ಎಣ್ಣಿ ತುಂಬೇತಂದ್ರಿ. ನಿಮಗ ಹೆಂಗ ಗೊತ್ತಾತು?"

ಶಂಭುಲಿಂಗ ಕೀಲಿಯನ್ನು ಜೇಬಿಗೆ ತುರುಕಿದ. ಕಾರಣವನ್ನು ಗೌರಕ್ಕ ಹೇಳಿದರು. ಹತ್ತಿ ಕಾರ್ಖಾನೆಯನ್ನು ಮಗಳು ಉಮಾಶ್ರೀಗೆ ಒಪ್ಪಿಸುತ್ತೇನೆಂದು ಗರಗದ ಹಿರಿಯರಿಗೆ ತಿಳಿಸಲು ಫಕೀರಪ್ಪನವರು ಅಂದು ಹೊರಟಿದ್ದರು. ಕಾರ್ಖಾನೆ ತನಗೇ ಎಂದು ಶಂಭುಲಿಂಗ ಬಹಳ ದಿನದಿಂದ ನಂಬಿದ್ದ.

"ಗಾಡಿ ದಾರ್‍ಯಾಗ ಕೆಟ್ಟು ನಿಂದ್ರತೈತಿ ಅನ್ಕೊಂಡಿದ್ದೆ, ವೈನಿ," ಎಂದ ಅವನು ಕೊನೆಗೆ.

ಗೌರಕ್ಕ ಅವನತ್ತ ನೋಡಲಿಲ್ಲ.

* * *

ಠಾಣೆಯಲ್ಲಿ ಮಕ್ತುಮಸಾಬ ಗೋಡೆಗೆ ಒರಗಿ ಕೂತಿದ್ದ. ಎಲ್ಲರೂ ಅದನ್ನೇ ಹೇಳಿ ಹೇಳಿ, ತಾನು ತೂಕಡಿಸಿದ್ದೆನೇನೋ ಎಂದು ಅವನಿಗೂ ಅನ್ನಿಸತೊಡಗಿತ್ತು. ವಿದ್ಯಾ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಳು.

"ಹಂಗಾದ್ರ ನನ್ನ ಕೈ ತಪ್ಪಲಿಲ್ಲೇನ್ರಿ?"

"ಇಲ್ಲ ಕಾಕಾ. ಅಂಥಾ ಬಿಗಿ ಸ್ಟೀರಿಂಗ್ ನೀವು ಜಗ್ಗಿ ಹೊಳ್ಳಿಸಿದ್ದಕ್ಕ ಗಾಡಿ ಪಕ್ಕಕ್ಕ ಬಡೀತು. ನೆಟ್ಟಗ ಬಡದಿದ್ರ ಇಬ್ರೂ ಉಳೀತಿದ್ದಿಲ್ಲ. ಫಕೀರಪ್ಪನವರು ಈಗ ಕಣ್ಣು ಬಿಟ್ಟಾರ."

ಮಕ್ತುಮಸಾಬ ಮುಖ ಒರೆಸಿಕೊಂಡ. ಸಾಹುಕಾರರು ಯಾವ ಆಸ್ಪತ್ರೆಯಲ್ಲಿದ್ದಾರೆ ಎಂದು ಕೇಳುತ್ತಲೇ ಚಪ್ಪಲಿ ಹುಡುಕತೊಡಗಿದ.