ಆಲದ ಮರದ ತನಕ ಮಾತಿಲ್ಲ

"ಅಜ್ಜೀ, ಚಂದ್ರಿ ಬಾಲ ಎತ್ಕೊಂಡವ್ಳೆ!" ಬಿಂದುಶ್ರೀ ಕೊಟ್ಟಿಗೆಯಿಂದಲೇ ಕೂಗಿದಳು.

"ಕೂಗ್ಬೇಡ ಮಗಾ," ಜಗಲಿಯ ಮೇಲಿಂದ ಅಜ್ಜಿ ಹೇಳಿದಳು. "ಈಯೋ ಹಸು ಮುಂದೆ ಜೋರು ಮಾತು ಆಗ್ಬಾರ್ದು. ಹತ್ರ ಬಂದು ಹೇಳು. ಇದ್ದದ್ದು ಇದ್ದಂಗೆ ಹೇಳು."

ಬಿಂದು ಓಡಿ ಬಂದಳು. ಕೊಟ್ಟಿಗೆಯಿಂದ ಜಗಲಿಗೆ ಹತ್ತೇ ಹೆಜ್ಜೆ. ಭಾನುವಾರ ಬೆಳಗಿನಿಂದ ಆ ಹತ್ತು ಹೆಜ್ಜೆಯನ್ನು ಅವಳು ಎಷ್ಟು ಸಲ ಓಡಿದ್ದಳೋ ಲೆಕ್ಕವಿಲ್ಲ.

ಅಜ್ಜಿ ಸೊಣ್ಣಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಕಂಬಕ್ಕೆ ಒರಗಿ ಕೂತಿದ್ದಳು. ನಾಲ್ಕು ದಿನದ ಹಿಂದೆ ಅವಳ ಬಲಗಣ್ಣಿನ ಪೊರೆ ತೆಗೆದಿದ್ದರು. ಆ ಕಣ್ಣು ಇನ್ನೂ ಮಂಜು ಮಂಜಾಗಿತ್ತು. ಬಗ್ಗಬಾರದು, ಭಾರ ಎತ್ತಬಾರದು, ಕೊಟ್ಟಿಗೆಯ ಧೂಳಿಗೆ ಹೋಗಲೇಬಾರದು ಎಂದು ಕಣ್ಣಿನ ಡಾಕ್ಟರು ಹೇಳಿ ಕಳಿಸಿದ್ದರು. ಎಡಗಣ್ಣಿನಲ್ಲಿ ಇನ್ನೂ ಪೊರೆ ಇತ್ತು. ಆ ಕಣ್ಣಲ್ಲಿ ನೋಡಿದರೆ ಮನುಷ್ಯರೆಲ್ಲ ಬೂದುಗುಂಬಳಕಾಯಿ ಥರ ಕಾಣುತ್ತಾರೆ ಎಂದು ಅಜ್ಜಿಯೇ ನಗುತ್ತಿದ್ದಳು.

ಸಮೇತನಹಳ್ಳಿಯ ಆಚೆಗಿದ್ದ ಆ ಸಣ್ಣ ಊರಿನಲ್ಲಿ ಯಾರ ಮನೆಯ ಹಸು ಈದರೂ ಮೊದಲು ಕರೆ ಬರುತ್ತಿದ್ದದ್ದು ಸೊಣ್ಣಮ್ಮನಿಗೆ. ಅವರೆಕಾಯಿ ಕಾಲ ಬಂತೆಂದರೆ ಒಂದರ ಹಿಂದೆ ಒಂದು ಹಸು ಕರು ಹಾಕುತ್ತಿದ್ದವು. ಅಜ್ಜಿ ಮುನೇಶ್ವರನಿಗೆ ಕೈ ಮುಗಿದು, ಸೆರಗು ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದಳು. ಈ ಸಲ ಈಯುತ್ತಿದ್ದದ್ದು ಅವಳ ಸ್ವಂತ ಮನೆಯ ಚಂದ್ರಿ. ಅದೂ ಚೊಚ್ಚಲ ಕರು. ಆದರೆ ಅಜ್ಜಿ ಜಗಲಿ ಇಳಿಯುವ ಹಾಗಿರಲಿಲ್ಲ.

ಅಪ್ಪ ಕೆಂಪರಾಜು ನಸುಕಿಗೇ ಹೂಕೋಸು ತುಂಬಿಕೊಂಡು ಮಾರ್ಕೆಟ್ಟಿಗೆ ಹೋಗಿದ್ದ. ಅಮ್ಮ ಶಿಲ್ಪ ವಿಜಯಪುರದ ಕಡೆಯ ರೇಷ್ಮೆ ಮನೆಯ ಮಗಳು. ರೇಷ್ಮೆಹುಳದ ವಿಷಯ ಏನು ಬೇಕಾದರೂ ಕೇಳಿ, ಹಸುವಿನದು ಮಾತ್ರ ನನಗೆ ತಿಳಿಯದು ಎಂದು ಹೇಳಿ, ಅವಳು ಒಲೆಯ ಮೇಲೆ ನೀರು ಕಾಯಿಸಲು ಇಟ್ಟಿದ್ದಳು.

"ಇವತ್ತು ನೀನೇ ನನ್ನ ಕಣ್ಣು," ಎಂದಿದ್ದಳು ಅಜ್ಜಿ ಬೆಳಗ್ಗೆ.

ಬಿಂದುವಿಗೆ ಆ ಮಾತು ಕೇಳಿ ಎರಡು ಅಂಗುಲ ಎತ್ತರವಾದ ಹಾಗಾಗಿತ್ತು. ಚಂದ್ರಿಯನ್ನು ಕರುವಾಗಿದ್ದಾಗಿನಿಂದ ಸಾಕಿದವಳು ಅವಳೇ ತಾನೆ! ಅದರ ಹಣೆಯ ಮೇಲಿನ ಬಿಳಿ ಗೆರೆ ಅರ್ಧಚಂದ್ರನ ಹಾಗಿದೆ ಎಂದು ಹೆಸರಿಟ್ಟವಳೂ ಅವಳೇ.

ಆದರೆ ಬಿಂದುವಿಗೆ ಒಂದು ಅಭ್ಯಾಸವಿತ್ತು. ಕಂಡದ್ದಕ್ಕೆ ಕಾಣದ್ದನ್ನು ಸ್ವಲ್ಪ ಸೇರಿಸುತ್ತಿದ್ದಳು. ಸಾರಿಗೆ ಉಪ್ಪು ಹಾಕಿದ ಹಾಗೆ. ಹೋದ ತಿಂಗಳು ದ್ರಾಕ್ಷಿ ತೋಟದ ಬೇಲಿಯಲ್ಲಿ ಏನೋ ಸರಿದಾಡಿದ್ದನ್ನು ನೋಡಿ, ಚಿರತೆ, ಬಾಲವೇ ಇಷ್ಟುದ್ದ ಎಂದು ಕೈ ಅಗಲಿಸಿ ತೋರಿಸಿದ್ದಳು. ಪಕ್ಕದ ಮನೆಯ ಪಿಳ್ಳಣ್ಣ ತಾತ ದೊಣ್ಣೆ ಹಿಡಿದು ಓಡಿದರು. ಬೇಲಿಯಿಂದ ಹೊರಗೆ ಬಂದದ್ದು ಅವರದೇ ಮನೆಯ ನಾಯಿ. ಅಂದಿನಿಂದ ಐದನೇ ಕ್ಲಾಸಿನಲ್ಲಿ ಅವಳ ಹೆಸರು ಚಿರತೆ ಬಿಂದು.

ಈಗ ಅದೇ ಪಿಳ್ಳಣ್ಣ ತಾತ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದರೆ ಚಂದ್ರಿ ಕಾಲು ಝಾಡಿಸುತ್ತಿತ್ತು. ಬಿಂದು ಒಬ್ಬಳನ್ನೇ ಅದು ಹತ್ತಿರ ಬಿಟ್ಟುಕೊಂಡಿತ್ತು.

ಹತ್ತು ಗಂಟೆಯ ಹೊತ್ತಿಗೆ ನೀರಿನ ಚೀಲ ಒಡೆಯಿತು. ಸ್ವಲ್ಪ ಹೊತ್ತಿಗೆ ಎರಡು ಪುಟ್ಟ ಗೊರಸುಗಳು ಹೊರಗೆ ಇಣುಕಿದವು. ತುಪ್ಪ ಮೆತ್ತಿದ ಹಾಗೆ ಹಳದಿ, ಮೆತ್ತಗೆ.

ಬಿಂದು ಜಗಲಿಗೆ ಹಾರಿ ಬಂದಳು. "ಅಜ್ಜಿ, ಎರಡು ಕಾಲು ಬಂತು. ಮೂತೀನೂ ಕಾಣ್ತು!"

"ಮುನೇಶ್ವರ ಕಾಪಾಡ್ದ," ಎಂದರು ಪಿಳ್ಳಣ್ಣ ತಾತ ನಿರಾಳವಾಗಿ. "ಕಾಲು, ಕಾಲಿನ ಮೇಲೆ ಮೂತಿ. ಸರಿಯಾಗೇ ಬರ್ತೈತೆ. ಇನ್ನು ಸುಮ್ಕಿರಿ, ಅದ್ರ ಪಾಡಿಗೆ ಅದು ಹಾಕ್ತೈತೆ."

ಅಜ್ಜಿ ಮಾತ್ರ ಬಿಂದುವಿನ ಕೈ ಹುಡುಕಿ ಹಿಡಿದುಕೊಂಡಳು.

"ಮೂತಿ ನೋಡ್ದ್ಯಾ, ಇಲ್ಲ ಇರ್ಬೇಕು ಅನ್ನಿಸ್ತಾ?"

ಬಿಂದು ನೋಡಿದ್ದು ಗೊರಸು ಮಾತ್ರ. ಮೊದಲು ಕಾಲು, ಆಮೇಲೆ ಮೂತಿ ಎಂದು ಅಜ್ಜಿ ಬೆಳಗ್ಗೆ ಹೇಳಿಕೊಟ್ಟಿದ್ದಳಲ್ಲ, ಅದಕ್ಕೇ ಮೂತಿ ತಾನಾಗಿ ಬಾಯಿಗೆ ಬಂದುಬಿಟ್ಟಿತ್ತು.

"ಹೋಗು," ಎಂದಳು ಅಜ್ಜಿ ಮೆಲ್ಲಗೆ. ಬೈಯಲಿಲ್ಲ. "ಗೊರಸಿನ ಅಂಗಾಲು ನೋಡ್ಕೊಂಡು ಬಾ. ಅದು ಭೂಮಿ ನೋಡ್ತೈತೋ, ಆಕಾಶ ನೋಡ್ತೈತೋ?"

ಈ ಸಲ ಬಿಂದು ಓಡಲಿಲ್ಲ. ಚಂದ್ರಿಯ ಬೆನ್ನು ಸವರುತ್ತಾ ಹಿಂದಕ್ಕೆ ಹೋಗಿ ಮಂಡಿಯೂರಿ ಕೂತಳು. ಚಂದ್ರಿ ತಿಣುಕಿತು. ಗೊರಸು ಸ್ವಲ್ಪ ಮುಂದೆ ಬಂದು ಮತ್ತೆ ಒಳಗೆ ಹೋಯಿತು. ಬಿಂದು ಕಾದಳು. ಮತ್ತೆ ತಿಣುಕಿತು. ಅವಳು ತನ್ನ ಅಂಗೈಯನ್ನು ಗೊರಸಿನ ಪಕ್ಕಕ್ಕೆ ಹಿಡಿದು ನೋಡಿದಳು. ಅಂಗೈ ಮೇಲಕ್ಕೆ ಮಾಡಿದಾಗ ಎರಡೂ ಒಂದೇ ಥರ ಕಂಡವು.

ಜಗಲಿಗೆ ಬಂದು ನಿಂತಾಗ ಅವಳ ದನಿ ಸಣ್ಣಗಾಗಿತ್ತು. "ಅಜ್ಜಿ, ಮೂತಿ ಇಲ್ಲ. ನಾನು ಸೇರ್ಸಿ ಹೇಳ್ದೆ. ಅಂಗಾಲು ಆಕಾಶ ನೋಡ್ತೈತೆ."

"ನೋಡಮ್ಮ ಇವ್ಳ ಆಟಾನ," ಎಂದರು ಪಿಳ್ಳಣ್ಣ ತಾತ. "ಈಗ ಮೂತಿ ಅಂದ್ಲು, ಈಗ ಇಲ್ಲ ಅಂತಾಳೆ. ಇನ್ನೊಂದು ಗಳಿಗೆಗೆ ಚಿರತೆ ಮರಿ ಹಾಕ್ತೈತೆ ಅಂತಾಳೆ. ಇವ್ಳ ಮಾತು ಕೇಳಿ ಭಾನುವಾರ ಡಾಕ್ಟ್ರನ್ನ ಓಡಾಡಿಸ್ಬೇಡಿ. ಕಾಯೋಣ."

ಬಿಂದುವಿನ ಕಣ್ಣಲ್ಲಿ ನೀರು ತುಂಬಿತು. ಆಕಾಶ ನೋಡುವ ಅಂಗಾಲೆಂದರೆ ಹಿಂಗಾಲು. ಕರು ತಿರುಗಾಮುರುಗಾ ಬರುತ್ತಿದೆ. ಕಾಯುತ್ತಾ ಕೂತರೆ ಅದರ ಉಸಿರು ಒಳಗೇ ನಿಂತುಹೋಗುತ್ತದೆ. ಇದನ್ನೂ ಅಜ್ಜಿ ಬೆಳಗ್ಗೆಯೇ ಹೇಳಿಕೊಟ್ಟಿದ್ದಳು. ಎಂದೂ ಸೇರಿಸದ ಹುಡುಗಿ ಹೇಳಿದ್ದರೆ ತಾತ ನಂಬುತ್ತಿದ್ದರು. ಹೇಳಿದವಳು ತಾನು.

ಅಜ್ಜಿ ಕನ್ನಡಕದ ಒಳಗಿನಿಂದ ಮೊಮ್ಮಗಳ ಕಡೆ ಮುಖ ತಿರುಗಿಸಿದಳು. ಸರಿಯಾಗಿ ಕಾಣದಿದ್ದರೂ ಬಹಳ ಹೊತ್ತು ನೋಡಿದಳು.

"ಶಿಲ್ಪಾ, ಡಾಕ್ಟ್ರಿಗೆ ಫೋನ್ ಮಾಡು."

ದನದ ಡಾಕ್ಟರು ಅಶೋಕ್ ಅವರು ಪುಣ್ಯಕ್ಕೆ ಪಕ್ಕದ ಸಮೇತನಹಳ್ಳಿಯಲ್ಲೇ ಇದ್ದರು. ಸ್ಪೀಕರ್‌ನಲ್ಲಿ ಅವರ ದನಿ ಕೇಳಿಸಿತು. "ಅಂಗಾಲು ಮೇಲಿದೆ ಅಂತ ಯಾರು ನೋಡಿದ್ದು?"

"ನನ್ನ ಕಣ್ಣು ನೋಡಿದ್ದು ಸ್ವಾಮಿ," ಎಂದಳು ಅಜ್ಜಿ.

ಅವರ ಬೈಕು ಬಂದು ನಿಲ್ಲಲು ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಬಿಂದು ಚಂದ್ರಿಯ ಕೊರಳು ತಬ್ಬಿಕೊಂಡು ನಿಂತಿದ್ದಳು. ಜಗಲಿಯ ಮೇಲೆ ಅಜ್ಜಿಯ ತುಟಿ ಅಲುಗುತ್ತಿತ್ತು. ಡಾಕ್ಟರು ಕೈ ತೊಳೆದುಕೊಂಡು, ಒಳಗೆ ಮುಟ್ಟಿ ನೋಡಿ, ತಲೆ ಎತ್ತಿದರು.

"ಹಿಂಗಾಲೇ. ಯಜಮಾನ್ರೆ, ಬನ್ನಿ, ಹಗ್ಗ ಹಿಡೀರಿ. ನಾನು ಹೇಳ್ದಾಗ ಎಳೀಬೇಕು. ಒಂದ್ಸಲ ಸೊಂಟ ಬಂತು ಅಂದ್ರೆ ನಿಲ್ಲಿಸಂಗಿಲ್ಲ."

ಪಿಳ್ಳಣ್ಣ ತಾತ ಬಂದು ಹಗ್ಗ ಹಿಡಿದರು. ಬಿಂದು ಕಿವಿಯ ಬಳಿ ಹೆಸರು ಹಿಡಿದು ಕರೆಯುತ್ತಿದ್ದುದರಿಂದಲೋ ಏನೋ, ಚಂದ್ರಿ ಒದೆಯಲಿಲ್ಲ. ಡಾಕ್ಟರು ಹೇಳಿದಾಗ ತಾತ ಎಳೆದರು, ಬಿಡಿ ಎಂದಾಗ ಬಿಟ್ಟರು. ಕಡೆಗೆ ಒಂದೇ ಉಸಿರಿಗೆ ಕರು ಜಾರಿ ಹುಲ್ಲಿನ ಮೇಲೆ ಬಿತ್ತು.

ಕರು ಅಲುಗಲಿಲ್ಲ.

ಡಾಕ್ಟರು ಅದರ ಹಿಂಗಾಲು ಹಿಡಿದು ಎತ್ತಿದರು. ಮೂಗಿನಿಂದ ಲೋಳೆ ಇಳಿಯಿತು. ಕೆಳಗೆ ಮಲಗಿಸಿ ಎದೆ ಉಜ್ಜಿದರು. ಆಗಲೂ ಉಸಿರಿಲ್ಲ. ಕೊಟ್ಟಿಗೆ ನಿಶ್ಶಬ್ದವಾಗಿದ್ದನ್ನು ಕೇಳಿಯೇ ಅಜ್ಜಿಗೆ ತಿಳಿಯಿತು.

"ಬಿಂದೂ, ಹುಲ್ಲುಕಡ್ಡಿ! ಮೂಗಿಗೆ!"

ಬಿಂದು ಒಂದು ಕಡ್ಡಿ ಕಿತ್ತು ಕರುವಿನ ಮೂಗಿನ ಹೊಳ್ಳೆಯಲ್ಲಿ ಆಡಿಸಿದಳು. ಒಂದು ಸಲ. ಎರಡು ಸಲ. ಮೂರನೆಯ ಸಲಕ್ಕೆ ಕರು ತಲೆ ಕೊಡವಿ ಅವಳ ಮುಖಕ್ಕೇ ಸೀನಿತು.

"ಹೆಣ್ಣುಗರು," ಎಂದರು ಡಾಕ್ಟರು ನಗುತ್ತಾ. ಆಮೇಲೆ ಬಿಂದುವಿನ ಕಡೆ ತಿರುಗಿ, ಇನ್ನು ಅರ್ಧ ಗಂಟೆ ಬಿಟ್ಟಿದ್ದರೆ ಕರು ಉಳಿಯುತ್ತಿರಲಿಲ್ಲ ಎಂದರು. ಬಿಂದು ಮೊದಲು ನೋಡಿದ್ದು ಪಿಳ್ಳಣ್ಣ ತಾತನ ಮುಖವನ್ನು. ತಾತ ಹಗ್ಗವನ್ನು ಸುತ್ತುತ್ತಿದ್ದರು, ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದರು.

ಚಂದ್ರಿ ಕರುವನ್ನು ನೆಕ್ಕಿತು. ಕರು ಬಿದ್ದೆದ್ದು ಮೊದಲ ಹಾಲು ಕುಡಿಯಿತು. ಅದರ ಹೊಟ್ಟೆ ತುಂಬಿದ ಮೇಲೆಯೇ ಮನೆಯವರಿಗೆ ಗಿಣ್ಣು ಎಂದು ಅಜ್ಜಿ ಮೊದಲೇ ಕಟ್ಟಪ್ಪಣೆ ಮಾಡಿದ್ದಳು. ಮಧ್ಯಾಹ್ನದ ಹೊತ್ತಿಗೆ ಮಾಸು ಬಿತ್ತು. ಹೊಟ್ಟೆಯೊಳಗೆ ಕರುವನ್ನು ಕಾಪಾಡಿದ ಚೀಲವದು. ಅದನ್ನು ಎಲ್ಲೆಂದರಲ್ಲಿ ಎಸೆಯುವಂತಿಲ್ಲ. ಹುಲ್ಲಿನಲ್ಲಿ ಸುತ್ತಿ, ಬಿದಿರಿನ ಮಂಕರಿಯಲ್ಲಿ ಹೊತ್ತು, ಹಾಲು ಒಸರುವ ಮರಕ್ಕೆ, ಆಲದ ಮರಕ್ಕೆ, ಕಟ್ಟಿ ಬರಬೇಕು. ಮರದ ಹಾಲಿನ ಹಾಗೆ ಹಸುವಿನ ಹಾಲೂ ಬತ್ತದಿರಲಿ ಎಂದು.

ಪ್ರತಿ ಸಲ ಕಟ್ಟಿ ಬರುತ್ತಿದ್ದವಳು ಅಜ್ಜಿ. ಅಜ್ಜಿ ಅಲ್ಲದೆ ಬೇರೆ ಯಾರೂ ಆ ಮಂಕರಿ ಹೊತ್ತದ್ದನ್ನು ಬಿಂದು ಕಂಡಿರಲಿಲ್ಲ.

"ಬಿಂದು ಹೊರ್ಲಿ," ಎಂದಳು ಅಜ್ಜಿ. "ಪಿಳ್ಳಣ್ಣ, ನೀನು ಹಿಂದೆ ಹೋಗಿ ಕೊಂಬೆಗೆ ಕಟ್ಟು. ಮಗಾ, ಹೋಗುವಾಗ, ಬರುವಾಗ ಒಂದು ಮಾತೂ ಆಡ್ಬಾರ್ದು. ತಾಯಿ ನೋವು ತಿಂದವ್ಳೆ. ಆ ದಾರಿ ಅವಳ್ದು, ನಮ್ಮ ಮಾತಿಗಲ್ಲ."

ಬಿಂದು ತಲೆಯ ಮೇಲೆ ಸಿಂಬಿ ಇಟ್ಟು ಮಂಕರಿ ಹೊತ್ತಳು. ಭಾರವಾಗಿತ್ತು. ಒಳಗಿದ್ದ ಮಾತು ಅದಕ್ಕಿಂತ ಭಾರವಾಗಿತ್ತು. ಅಂಗಾಲು ಆಕಾಶ ನೋಡಿದ್ದು, ಡಾಕ್ಟರು ಹೇಳಿದ್ದು, ಕರು ಸೀನಿದ್ದು, ಎಲ್ಲ ತುಟಿಯ ತನಕ ಬಂದು ನಿಂತಿದ್ದವು.

ಕೆರೆ ಏರಿಯ ಕೆಳಗೆ ಜಯಕುಮಾರ್ ಮತ್ತು ಅವನ ಗ್ಯಾಂಗು ಕ್ರಿಕೆಟ್ ಆಡುತ್ತಿದ್ದರು. ಅವನು ಬ್ಯಾಟು ಹಿಡಿದುಕೊಂಡೇ ಓಡಿ ಬಂದ.

"ಏ ಬಿಂದು, ಚಂದ್ರಿ ಕರು ಹಾಕ್ತಾ? ಗಂಡಾ, ಹೆಣ್ಣಾ?"

ಬಿಂದು ತುಟಿ ಬಿಗಿ ಹಿಡಿದಳು.

"ಏನ್ ಚಿರತೆ, ಬಾಯಿಗೆ ಲಾಕಾ? ಡಾಕ್ಟ್ರು ಬೈಕಲ್ಲಿ ಬಂದಿದ್ರಲ್ಲ, ಏನಾಯ್ತೇ? ಹೇಳೇ."

ಹುಡುಗರೆಲ್ಲ ಸುತ್ತ ಸೇರಿದರು. ಇಷ್ಟು ಜನ ಅವಳ ಮಾತಿಗಾಗಿ ಕಾದದ್ದು ಚಿರತೆಯ ದಿನ ಬಿಟ್ಟರೆ ಇವತ್ತೇ. ಇವತ್ತಾದರೋ ಏನೂ ಸೇರಿಸಬೇಕಾಗಿರಲಿಲ್ಲ. ಅವಳು ಉಸಿರೆಳೆದುಕೊಂಡು ಹೆಜ್ಜೆ ಮುಂದಿಟ್ಟಳು. ಹಿಂದೆ ಪಿಳ್ಳಣ್ಣ ತಾತ ಮಾತಿಲ್ಲದೆ ಕೈ ಬೀಸಿ ಹುಡುಗರನ್ನು ಸರಿಸಿ ದಾರಿ ಮಾಡಿಕೊಟ್ಟರು.

ಆಲದ ಮರದಡಿ ತಂಪಾಗಿತ್ತು. ಮೇಲಿನ ಕೊಂಬೆಗಳಲ್ಲಿ ಹಳೆಯ ಹುಲ್ಲಿನ ಗಂಟುಗಳು ಒಣಗಿ ತೂಗುತ್ತಿದ್ದವು. ಅವುಗಳಲ್ಲಿ ಎಷ್ಟೋ ಅಜ್ಜಿ ಹೊತ್ತು ತಂದವು. ಒಂದೊಂದು ಗಂಟಿಗೆ ಒಂದೊಂದು ಕರು. ಅಜ್ಜಿ ಯಾವತ್ತೂ ಅವನ್ನು ಎಣಿಸಿ ಹೇಳಿದ್ದನ್ನು ಬಿಂದು ಕೇಳಿರಲಿಲ್ಲ. ತಾತ ಗಂಟನ್ನು ಕೊಂಬೆಗೆ ಕಟ್ಟಿ, ಮುಟ್ಟು ಎಂದು ಕಣ್ಣಲ್ಲೇ ಹೇಳಿದರು. ಅವಳು ಮುಟ್ಟಿ ಕೈ ಮುಗಿದಳು. ಎಲೆಗಳು ಸರಸರ ಎಂದವು. ಅವಳೊಳಗಿನ ಮಾತುಗಳು ಒಂದೊಂದಾಗಿ ಕೆಳಗಿಳಿದು ಕೂತವು. ಕೂತಲ್ಲೇ ಬೆಚ್ಚಗಿದ್ದವು.

ಮನೆಗೆ ಬಂದಾಗ ಕರು ಜಗಲಿಯ ಪಕ್ಕದ ಬಿಸಿಲಿನಲ್ಲಿ ಮಲಗಿತ್ತು.

"ಈಗ ಮಾತಾಡ್ಬಹುದು," ಎಂದಳು ಅಜ್ಜಿ. "ಹೇಳು ಮಗಾ, ಕರು ಹೆಂಗೈತೆ? ಹಣೆ ಮೇಲೆ ತಾಯಿ ಥರ ಚಂದ್ರ ಐತಾ?"

ಬಿಂದು ಕರುವಿನ ಮುಂದೆ ಕೂತಳು. ಚಂದ್ರ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಅವಳು ತಲೆಯಿಂದ ಬಾಲದ ತನಕ ನಿಧಾನವಾಗಿ ನೋಡಿದಳು.

"ಇಲ್ಲ ಅಜ್ಜಿ. ಹಣೆ ಬರೀ ಕಪ್ಪು. ಎಡಗಿವಿ ತುದಿ ಒಂದೇ ಬಿಳಿ. ಅವರೆಕಾಳಿನಷ್ಟು."

ಪಿಳ್ಳಣ್ಣ ತಾತ ಬಗ್ಗಿ ನೋಡಲಿಲ್ಲ. "ಹಂಗಾದ್ರೆ ಅವರೆಕಾಳಿನಷ್ಟೇ," ಎಂದು ಅಜ್ಜಿಗೆ ಹೇಳಿ, ತಮ್ಮ ಮನೆಯ ಕಡೆ ನಡೆದರು.

ಕಪ್ಪು ಕನ್ನಡಕದ ಕೆಳಗೆ ಅಜ್ಜಿಯ ತುಟಿ ಅರಳಿತು. ಕಾಣದ ಕರುವನ್ನು ಅವಳು ನೋಡುತ್ತಿದ್ದಾಳೆಂದು ಬಿಂದುವಿಗೆ ತಿಳಿಯಿತು. ಕಪ್ಪು ಹಣೆ, ಎಡಗಿವಿ, ಅದರ ತುದಿಯಲ್ಲಿ ಒಂದೇ ಒಂದು ಬಿಳಿ ಕಾಳು. ಬಿಂದು ಹೇಳಿದಷ್ಟೇ, ಹೇಳಿದ ಹಾಗೇ.